ಈಗೇನು ಮಾಡ್ಕೊಂಡಿದೀಯ?

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹಿರಿಯರು, ಬಾಳೆಲೆಗೆ ನೀರು ಚಿಮುಕಿಸಿ ಒರೆಸುತ್ತ, ಉಪ್ಪು ಬಡಿಸುವವನು ಬರುವಷ್ಟರಲ್ಲಿ ಕೇಳಿ ಮುಗಿಸುವ ಪ್ರಶ್ನೆ ಅದು. "ಈಗೇನು ಮಾಡ್ಕೊಂಡಿದೀಯ ಮಾರಾಯ?" ಇಪ್ಪತ್ತೆರಡರಲ್ಲಿ ನನ್ನ ಹತ್ತಿರ ಉತ್ತರವಿತ್ತು, ಎಂ.ಎ. ಓದುತ್ತಿದ್ದೆ. ಇಪ್ಪತ್ತೈದರಲ್ಲೂ ಇತ್ತು, ಎರಡು ಮೂರು ಕಡೆ ಅರ್ಜಿ ಹಾಕಿದ್ದೆ. ಇಪ್ಪತ್ತೆಂಟರ ಹೊತ್ತಿಗೆ "ಹೀಗೇ..." ಎಂದು ಎಳೆದು ಬಿಟ್ಟುಬಿಡುವುದನ್ನು ಕಲಿತಿದ್ದೆ. ಕೇಳಿದವರು ಕೆಟ್ಟವರಲ್ಲ. ನನ್ನ "ಹೀಗೇ" ಕಿವಿಗೆ ಬಿದ್ದ ತಕ್ಷಣ ಅವರು ಎಲೆಯ ಕಡೆ ತಿರುಗಿ, ಕೋಸಂಬರಿ ಚೆನ್ನಾಗಿದೆ ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿದ್ದುದು ಪ್ರಶ್ನೆಯ ಮೇಲಲ್ಲ, ಆ ಕೋಸಂಬರಿಯ ಮೇಲೆ.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ನಿರುದ್ಯೋಗಿಯನ್ನು ಕುರಿತ ಕತೆ, ಕಾದಂಬರಿ, ಸಿನಿಮಾಗಳನ್ನು ನಾನು ಮೂವತ್ತು ವರ್ಷಗಳಿಂದ ಸ್ವಲ್ಪ ಸ್ವಾರ್ಥದಿಂದಲೇ ಓದುತ್ತ, ನೋಡುತ್ತ ಬಂದಿದ್ದೇನೆ. ಅವುಗಳಲ್ಲಿ ನನಗೆ ಸಂದರ್ಶನದ ಕೋಣೆ ಸಿಕ್ಕಿದೆ, ಬೀದಿ ಸಿಕ್ಕಿದೆ, ಕ್ರಾಂತಿಯೂ ಸಿಕ್ಕಿದೆ. ಈ ಕೋಸಂಬರಿ ಮಾತ್ರ ಅಪರೂಪಕ್ಕೆ ಸಿಕ್ಕಿದೆ. ಯಾಕೆ ಹೀಗೆ ಎಂಬುದು ನನ್ನ ಮಟ್ಟಿಗೆ ವಿಮರ್ಶೆಯ ಪ್ರಶ್ನೆ.

ಮೊದಲು ನಮ್ಮ ಶಬ್ದಗಳನ್ನೇ ನೋಡಬಹುದು. "ನಿರುದ್ಯೋಗಿ" ಎಂಬುದು ಪತ್ರಿಕೆಯ ಕನ್ನಡ, ಸರ್ಕಾರದ ಕನ್ನಡ. ಮನೆಯಲ್ಲಿ ಯಾರೂ ಹಾಗನ್ನುವುದಿಲ್ಲ. ಸಿಟ್ಟು ಬಂದರೆ ದಂಡಪಿಂಡ, ಉಂಡಾಡಿ, ಬಿಟ್ಟಿಕೂಳಿನವನು. ಸಿಟ್ಟಿಲ್ಲದಿದ್ದರೆ "ಅವನು ಮನೇಲೇ ಇದಾನೆ". ಈ ಕೊನೆಯದರ ಇರಿತ ಬೈಗುಳದಲ್ಲಿಲ್ಲ. ಗಂಡಸು ಮನೆಯಲ್ಲಿರುವುದೇ ಒಂದು ಕಾಯಿಲೆಯ ಹಾಗೆ ಅದು ಕೇಳಿಸುತ್ತದೆ. ಇದೇ ವಾಕ್ಯವನ್ನು ಮಗಳ ಬಗ್ಗೆ ಹೇಳಿದರೆ ಅದರಲ್ಲಿ ತಪ್ಪೂ ಇಲ್ಲ, ಸುದ್ದಿಯೂ ಇಲ್ಲ. "ಉದ್ಯೋಗಂ ಪುರುಷಲಕ್ಷಣಂ" ಎಂಬ ಸಂಸ್ಕೃತದ ಚೂರನ್ನು ಸಂಸ್ಕೃತ ಬಾರದವರೂ ಹೇಳುತ್ತಾರೆ. ಲಕ್ಷಣ ಎಂದ ಮೇಲೆ ಅದಿಲ್ಲದವನು ಏನಾದ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಣಿ ರಾಮಚಂದ್ರರ "ದಂಡಪಿಂಡಗಳು" ಧಾರಾವಾಹಿ ಟೀವಿಯಲ್ಲಿ ಬರುತ್ತಿದ್ದಾಗ ಮನೆಮಂದಿಯೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ಹೊತ್ತಿಗೆ ನನಗೊಂದು ಕೆಲಸ ಸಿಕ್ಕಿತ್ತು; ಸಿಗದಿದ್ದರೆ ನಗುತ್ತಿದ್ದೆನೋ ಇಲ್ಲವೋ.

1993ರಲ್ಲಿ ನಮ್ಮೂರಿನ ಕಾಲೇಜಿನ ಹಾಲಿನಲ್ಲಿ, 16 ಎಂ.ಎಂ. ಪ್ರೊಜೆಕ್ಟರಿನ ಕಟಕಟ ಸದ್ದಿನ ನಡುವೆ, ಸತ್ಯಜಿತ್ ರಾಯ್ ಅವರ "ಪ್ರತಿದ್ವಂದಿ" ನೋಡಿದೆ. ಸುನಿಲ್ ಗಂಗೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿ 1970ರಲ್ಲಿ ಬಂದ ಚಿತ್ರ. ತಂದೆ ತೀರಿಹೋಗಿ ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟ ಸಿದ್ಧಾರ್ಥ ಕಲ್ಕತ್ತೆಯಲ್ಲಿ ಕೆಲಸ ಹುಡುಕುತ್ತಾನೆ. ಕಳೆದ ಹತ್ತು ವರ್ಷಗಳಲ್ಲಿ ನಡೆದ ಅತಿ ಮಹತ್ವದ ಘಟನೆ ಯಾವುದು ಎಂದು ಸಂದರ್ಶನದಲ್ಲಿ ಕೇಳಿದರೆ, ಮನುಷ್ಯ ಚಂದ್ರನ ಮೇಲೆ ಇಳಿದದ್ದನ್ನು ಬಿಟ್ಟು ವಿಯೆಟ್ನಾಂ ಯುದ್ಧ ಅನ್ನುತ್ತಾನೆ. ನೀನು ಕಮ್ಯುನಿಸ್ಟನೋ ಎಂಬ ಪ್ರಶ್ನೆ ಬರುತ್ತದೆ, ಕೆಲಸ ಹೋಗುತ್ತದೆ. ಇನ್ನೊಂದು ಸಂದರ್ಶನಕ್ಕೆ ಬಿಸಿಲ ಧಗೆಯ ಕಾರಿಡಾರಿನಲ್ಲಿ ಹತ್ತಾರು ಜನ ಕಾಯುತ್ತಾರೆ, ಕೂರಲು ಸಾಕಷ್ಟು ಕುರ್ಚಿಗಳಿಲ್ಲ, ಒಬ್ಬ ತಲೆಸುತ್ತಿ ಬೀಳುತ್ತಾನೆ. ಕಾದು ನಿಂತವರೆಲ್ಲ ಸಿದ್ಧಾರ್ಥನ ಕಣ್ಣಿಗೆ ಅಸ್ಥಿಪಂಜರಗಳಾಗುತ್ತಾರೆ. ಕೊನೆಗೆ ಅವನು ಒಳಗೆ ನುಗ್ಗಿ ಮೇಜನ್ನು ಕೆಡವುತ್ತಾನೆ. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಹೆಚ್ಚು ಹೊತ್ತು ತಟ್ಟಿದವರಲ್ಲಿ ನಾನೂ ಒಬ್ಬ. ಆಗ ನನಗೆ ಇಪ್ಪತ್ತೇಳು.

ಚಪ್ಪಾಳೆ ತಟ್ಟಿ, ಸೈಕಲ್ ಏರಿ ಮನೆಗೆ ಬಂದೆ. ಅಮ್ಮ ಮುಚ್ಚಿಟ್ಟಿದ್ದ ಅನ್ನ ಸಾರು ಬಡಿಸಿದಳು. ಅಪ್ಪ ಆಗಲೇ ಮಲಗಿದ್ದರು, ಅಥವಾ ಮಲಗಿದವರ ಹಾಗೆ ಇದ್ದರು. ಉಣ್ಣುತ್ತ ಹೊಳೆದದ್ದು ಇಷ್ಟು: ಸಿದ್ಧಾರ್ಥನಿಗೆ ಅವಮಾನ ಮಾಡಿದವರು ಅಪರಿಚಿತರು. ಅಪರಿಚಿತರ ಮೇಜನ್ನು ಕೆಡವಬಹುದು. ನಮ್ಮ ಮನೆಯಲ್ಲಿ ನನಗೆ ಯಾರೂ ಅವಮಾನ ಮಾಡುತ್ತಿರಲಿಲ್ಲ. ಕೆಡವಲು ಮೇಜೂ ಇರಲಿಲ್ಲ. ನೆಲದ ಮೇಲೆ ಕೂತು ಉಣ್ಣುವವರು ನಾವು.

ಸಂದರ್ಶನದ ದೃಶ್ಯ ಕಲಾವಿದನಿಗೆ ಒದಗಿ ಬರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಅಲ್ಲಿ ಆಳುವವರು, ಬೇಡುವವರು ಎದುರುಬದುರು ಕೂತಿರುತ್ತಾರೆ. ಒಂದು ಅಸಂಬದ್ಧ ಪ್ರಶ್ನೆಯಲ್ಲಿ ಇಡೀ ವ್ಯವಸ್ಥೆಯ ಅಸಂಬದ್ಧತೆಯನ್ನು ತೋರಿಸಬಹುದು. ಮೃಣಾಲ್ ಸೇನರ "ಇಂಟರ್‌ವ್ಯೂ" (1971) ಪೂರ್ತಿ ಚಿತ್ರವನ್ನೇ ಸಂದರ್ಶನಕ್ಕೆ ಬೇಕಾದ ಒಂದು ಸೂಟಿನ ಸುತ್ತ ಕಟ್ಟಿತು: ಲಾಂಡ್ರಿಯವರ ಮುಷ್ಕರ, ಎರವಲು ತಂದ ಸೂಟು ಬಸ್ಸಿನಲ್ಲಿ ಕಳೆದುಹೋಗುವುದು, ಧೋತಿ ಉಟ್ಟು ಹೋಗಿ ಕೆಲಸ ಕಳೆದುಕೊಳ್ಳುವುದು, ಕೊನೆಗೆ ಅಂಗಡಿಯ ಗಾಜಿನೊಳಗಿನ ಬೊಂಬೆಯ ಮೇಲೆ ಸಿಟ್ಟು. (ನಾನೂ ಒಮ್ಮೆ ಭಾವನ ಬೂಟಿನ ತುದಿಗೆ ಹತ್ತಿ ತುರುಕಿಕೊಂಡು ಸಂದರ್ಶನಕ್ಕೆ ಹೋದವನು, ಒಳಗೆ ಕೇಳಿದ ಯಾವ ಪ್ರಶ್ನೆಯೂ ನೆನಪಿಲ್ಲ, ಹತ್ತಿ ನೆನಪಿದೆ.) ಆದರೆ ಲೆಕ್ಕ ಹಾಕಿ ನೋಡಿ. ಆರು ವರ್ಷ ಕೆಲಸವಿಲ್ಲದವನು ಆರು ವರ್ಷದಲ್ಲಿ ಎಷ್ಟು ಸಂದರ್ಶನಗಳಿಗೆ ಹೋಗಿರುತ್ತಾನೆ? ಹತ್ತು, ಹನ್ನೆರಡು. ಉಳಿದ ಎರಡು ಸಾವಿರ ಚಿಲ್ಲರೆ ದಿನ ಅವನು ಎಲ್ಲಿರುತ್ತಾನೆ? ಮನೆಯಲ್ಲಿ. ಬೆಳಿಗ್ಗೆ ಹತ್ತೂವರೆಗೆ, ಸೈಕಲ್ಲು ಸ್ಕೂಟರುಗಳ ಸದ್ದೆಲ್ಲ ಮುಗಿದು ಬೀದಿಯಲ್ಲಿ ಹೆಂಗಸರು ಮುದುಕರು ಮಾತ್ರ ಉಳಿದಾಗ, ಅವನೂ ಉಳಿದಿರುತ್ತಾನೆ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಜಗಲಿಯಲ್ಲಿ ಇರಬೇಕು, ಆದರೆ ಅವನಿಗಾಗಿಯೇ ಕಾಯುತ್ತಿದ್ದ ಹಾಗೆ ಕಾಣಬಾರದು. ಇದರ ಕತೆಯನ್ನು ಯಾರು ಬರೆದರು?

ರಾಯ್ ಅವರಿಗೆ ಇದು ಗೊತ್ತಿರಲಿಲ್ಲ ಎನ್ನಲಾರೆ. ಮೂವತ್ತು ವರ್ಷದ ನಂತರ "ಪ್ರತಿದ್ವಂದಿ"ಯನ್ನು ಮತ್ತೆ ನೋಡಿದಾಗ ನನ್ನ ಕಣ್ಣು ಮೇಜಿನ ಮೇಲಲ್ಲ, ತಂಗಿ ಸುತಪಾಳ ಮೇಲೆ ನಿಂತಿತು. ಅವಳು ದುಡಿಯುತ್ತಾಳೆ, ಮನೆ ನಡೆಯುವುದು ಅದರಿಂದ. ಅವಳ ಬಗ್ಗೆ, ಅವಳ ಮೇಲಧಿಕಾರಿಯ ಬಗ್ಗೆ ಮಾತು ಹುಟ್ಟಿದಾಗ ಸಿದ್ಧಾರ್ಥ ಅಣ್ಣನ ಗತ್ತಿನಲ್ಲಿ ಜಗಳಕ್ಕೆ ಹೊರಡುತ್ತಾನೆ, ಆ ಮನುಷ್ಯನ ಮನೆಗೂ ಹೋಗುತ್ತಾನೆ, ಜಗಳವಾಡಲಾರದೆ ಬರುತ್ತಾನೆ. ತಂಗಿಯ ಸಂಬಳ ಉಣ್ಣುವವನಿಗೆ ಅಣ್ಣನ ಗತ್ತು ಎಲ್ಲಿಂದ ಬರಬೇಕು? ಮೇಜು ಕೆಡವುವ ಶಕ್ತಿ ಅವನಿಗೆ ಬಂದದ್ದು ಇಲ್ಲಿ ಅದು ಇಲ್ಲದ್ದರಿಂದ ಎಂದು ಈಗ ತೋರುತ್ತದೆ.

ನನ್ನ ಮಟ್ಟಿಗೆ ರಾಯ್ ಈ ವಿಷಯದ ಬುಡಕ್ಕೆ ಹೋದದ್ದು "ಜನ ಅರಣ್ಯ"ದಲ್ಲಿ. ಶಂಕರ್ ಅವರ ಕಾದಂಬರಿಯಿಂದ 1975ರಲ್ಲಿ ಮಾಡಿದ್ದು. ಸೋಮನಾಥನ ಅಕ್ಷರ ಸಣ್ಣದು. ಉತ್ತರಪತ್ರಿಕೆ ನೋಡುವವನ ಕನ್ನಡಕ ಸರಿಯಿಲ್ಲ. ಅಲ್ಲಿಗೆ ಆನರ್ಸ್ ಕೈತಪ್ಪುತ್ತದೆ. ಸಂದರ್ಶನದಲ್ಲಿ ಚಂದ್ರನ ತೂಕ ಎಷ್ಟು ಅನ್ನುತ್ತಾರೆ. ಆಮೇಲೆ ಅವನು ದಲ್ಲಾಳಿಯಾಗುತ್ತಾನೆ, ಸಣ್ಣಪುಟ್ಟ ಸಾಮಾನುಗಳ ಆರ್ಡರು ಹಿಡಿಯುತ್ತಾನೆ, ದೊಡ್ಡ ಆರ್ಡರೊಂದಕ್ಕಾಗಿ ಗಿರಾಕಿಗೆ ಹೆಣ್ಣನ್ನು ಒದಗಿಸಬೇಕಾಗುತ್ತದೆ, ಹಾಗೆ ಸಿಕ್ಕವಳು ಅವನ ಗೆಳೆಯನ ತಂಗಿ. ಇದು ಕತೆ, ಇದರಲ್ಲಿ ಸ್ವಲ್ಪ ಹೊಂದಿಸಿದ ಕಾಕತಾಳೀಯವೂ ಇದೆ. ಆದರೆ ಕೊನೆಯ ದೃಶ್ಯದಲ್ಲಿ ಮಗ ಮನೆಗೆ ಬಂದು ಆರ್ಡರು ಸಿಕ್ಕಿತು ಅನ್ನುತ್ತಾನೆ, ಕಾದಿದ್ದ ತಂದೆಗೆ ಜೀವ ಹಗುರಾಗುತ್ತದೆ. ನೀತಿವಂತ ತಂದೆ ಅವನು. ನೀತಿ ಎಲ್ಲಿ ಹೋಯಿತು ಎಂದು ಕೇಳಬೇಕಾದವನು. ಅವನಿಗೆ ಆ ಹೊತ್ತಿಗೆ ಬೇಕಾದದ್ದು ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳಲು ಒಂದು ಉತ್ತರ. ಆ ಮುಖದ ಮೇಲಿನ ನಿರಾಳ ನನಗೆ ಯಾವ ಅಸ್ಥಿಪಂಜರಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ನನ್ನ ಅಪ್ಪನ ಮುಖದ ಮೇಲೂ ಅಂಥದೊಂದು ನಿರಾಳವನ್ನು ಕಾಣಲಿಕ್ಕೆ ನಾನು ಏನು ಮಾಡಲೂ ಸಿದ್ಧನಿದ್ದೆನೇ ಎಂದು ಕೇಳಿಕೊಂಡೆ. ಸಿದ್ಧನಿದ್ದೆ ಅನ್ನಿಸಿತು. ಕಲ್ಕತ್ತೆಯಂಥ ಊರು ಸಿಗಲಿಲ್ಲ, ಅಷ್ಟೆ.

ಇನ್ನು ಕನ್ನಡಕ್ಕೆ ಬರೋಣ. ಲಂಕೇಶರ "ಪಲ್ಲವಿ" (1976) ಅವರದೇ "ಬಿರುಕು" ಕಾದಂಬರಿಯಿಂದ ಹೊರಟ ಚಿತ್ರ. ಅದಕ್ಕೆ ಅವರಿಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಪ್ರೀತಿಸುವ ಇಬ್ಬರೂ ಕೆಲಸ ಹುಡುಕುತ್ತಾರೆ, ಅವಳಿಗೆ ಸಿಗುತ್ತದೆ, ಅವನಿಗೆ ಸಿಗುವುದಿಲ್ಲ. ಕತೆಯನ್ನು ಅವಳ ಕಣ್ಣಿನಿಂದ ಹೇಳಿದ್ದು ಲಂಕೇಶರ ಜಾಣತನ. ಹಾಗಾಗಿ ಕೆಲಸವಿಲ್ಲದ ಗಂಡಸಿನ ಸಿಟ್ಟು, ಸಿದ್ಧಾಂತ, ಗಡ್ಡ ಇವೆಲ್ಲ ದೂರದಿಂದ ಕಾಣುತ್ತವೆ. ಅವು ಎಷ್ಟು ನಿಜ, ಎಷ್ಟು ನೆವ ಎಂದು ಅಳೆಯಲು ಒಬ್ಬಳು ಎದುರಿಗೆ ಇರುತ್ತಾಳೆ. ಈ ಚಿತ್ರವನ್ನು ಸಮಾಂತರ ಸಿನಿಮಾದ ಪಟ್ಟಿಯಲ್ಲಿ ಸೇರಿಸಿ ಸುಮ್ಮನಾದ ನಮ್ಮ ವಿಮರ್ಶೆ ಈ ಅಳತೆಯನ್ನು ಗಮನಿಸಿದಂತಿಲ್ಲ.

ಲಂಕೇಶರನ್ನು ಬಿಟ್ಟರೆ ನಮ್ಮ ನವ್ಯ ಸಾಹಿತ್ಯ ಈ ಮನುಷ್ಯನನ್ನು ಯಾಕೆ ಹೆಚ್ಚು ಕಾಣಲಿಲ್ಲ? ಪರಕೀಯತೆ, ಅನಾಥಪ್ರಜ್ಞೆ, ಅಸ್ತಿತ್ವದ ಸಂಕಟ ಎಂದು ಅಷ್ಟೊಂದು ಮಾತಾಡಿದವರು, ಸಮಾಜ ಪ್ರತಿದಿನ ಅಕ್ಷರಶಃ ಪರಕೀಯನನ್ನಾಗಿ ಮಾಡುತ್ತಿದ್ದ ಇವನನ್ನು ದಾಟಿ ಹೋದದ್ದು ಹೇಗೆ? ನನಗೊಂದು ಗುಮಾನಿ ಇದೆ, ಒಪ್ಪದವರು ಬಿಡಬಹುದು. ಅಡಿಗ, ಅನಂತಮೂರ್ತಿ, ಶಾಂತಿನಾಥ ದೇಸಾಯಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟರುಗಳು. ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿದ್ದವರು. ಅವರು ಬರೆದ ಸಂಕಟ ತಿಂಗಳ ಕೊನೆಗೆ ಸಂಬಳ ಬರುವವನ ಸಂಕಟ. "ಶಿಕಾರಿ"ಯ (1979) ನಾಗಪ್ಪ ಕಂಪನಿಯೊಳಗಿನ ಸಂಚಿಗೆ ಸಿಕ್ಕಿ ನಡುಗುವುದು ನಿಜವೇ. ಆದರೆ ಇದ್ದದ್ದು ಹೋದೀತೆಂಬ ನಡುಕ ಬೇರೆ, ಎಂದೂ ಇಲ್ಲದ್ದರ ಮಂಕು ಬೇರೆ. (ಪ್ರಾಣೇಶಾಚಾರ್ಯರನ್ನು ಇಲ್ಲಿ ಎಳೆಯಬಾರದು, ಅವರಿಗೆ ಸಂಬಳದ ಪ್ರಶ್ನೆಯೇ ಇಲ್ಲ, ಅಗ್ರಹಾರವಿತ್ತು.) ನಮ್ಮ ನವ್ಯರು ಮೆಚ್ಚಿಕೊಂಡ ಕಾಮೂನ ಮರ್ಸೋ ಕೂಡ ಗುಮಾಸ್ತನೇ, ತಾಯಿ ಸತ್ತಾಗ ಅವನು ರಜೆ ಕೇಳಬೇಕಾಗುತ್ತದೆ. ರಜೆ ಕೇಳಲು ಯಾರಾದರೂ ಇರುವುದೂ ಒಂದು ಭಾಗ್ಯ.

ಹಾಗೆ ನೋಡಿದರೆ ಆ ಸಾಲಿನಲ್ಲಿ ನನಗೆ ಹತ್ತಿರದವನು ಕಾಫ್ಕಾನ ಗ್ರೆಗರ್ ಸಾಮ್ಸಾ. 1915ರಲ್ಲಿ ಪ್ರಕಟವಾದ "ರೂಪಾಂತರ"ವನ್ನು ನಮ್ಮಲ್ಲಿ ಆಧುನಿಕ ಮನುಷ್ಯನ ದುಃಸ್ವಪ್ನ ಎಂದು ಪಾಠ ಮಾಡಿದರು. ಅದನ್ನು ಒಮ್ಮೆ ಸುಮ್ಮನೆ ಮನೆಯ ಕತೆಯಾಗಿ ಓದಿ. ಮನೆಗೆ ದುಡಿದು ಹಾಕುತ್ತಿದ್ದ ಮಗ ಒಂದು ದಿನ ಎದ್ದು ಕೆಲಸಕ್ಕೆ ಹೋಗಲಾರದವನಾಗುತ್ತಾನೆ. ಮೊದಲು ತಂಗಿ ಬಾಗಿಲ ಬಳಿ ಊಟ ಇಡುತ್ತಾಳೆ. ಅವನು ಏನು ತಿನ್ನುತ್ತಾನೆ, ಏನು ಬಿಡುತ್ತಾನೆ ಎಂದು ನೋಡುತ್ತಾಳೆ. ಬರಬರುತ್ತ ಅದೂ ಸಡಿಲವಾಗುತ್ತದೆ. ನೆಂಟರು, ಬಾಡಿಗೆಯವರು ಬಂದಾಗ ಅವನು ಕಾಣಬಾರದು. ಕೀಟವಾದದ್ದೊಂದನ್ನು ಬಿಟ್ಟರೆ ಇದರಲ್ಲಿ ನನಗೆ ಅಪರಿಚಿತವಾದದ್ದು ಏನೂ ಇಲ್ಲ.

ನನ್ನ ಈ ಗೋಳಿಗೂ ಒಂದು ಮಿತಿ ಇದೆ, ಅದನ್ನು ಇಲ್ಲೇ ಹೇಳಬೇಕು. ನಮ್ಮ ಎರಡು ಎಕರೆ ಅಡಿಕೆ ತೋಟಕ್ಕೆ ಕೊನೆ ಕೊಯ್ಯಲು ಬರುತ್ತಿದ್ದವನು ನನ್ನ ಸರೀಕ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಇದ್ದೆವು. ಇಪ್ಪತ್ತೆಂಟಕ್ಕೆ ಅವನದು ಹತ್ತಿರಹತ್ತಿರ ಇಪ್ಪತ್ತು ವರ್ಷದ ಕೂಲಿಯಾಗಿತ್ತು. ಒಮ್ಮೆ ಮರದಿಂದ ಇಳಿದು ಬೀಡಿ ಹಚ್ಚುತ್ತ, "ಸಣ್ಣಯ್ಯ, ನೀವು ಕೆಲಸಕ್ಕೆ ಹೋಗೋದು ಯಾವಾಗ?" ಎಂದು ಕೇಳಿದ. ಅದರಲ್ಲಿ ಕುಹಕವೂ ಇರಲಿಲ್ಲ, ಮರುಕವೂ ಇರಲಿಲ್ಲ. ಇಷ್ಟು ಓದಿದ ಮೇಲೆ ಏನಾಗುತ್ತದೆ ಎಂದು ತಿಳಿಯುವ ಆಸೆ. ಸಿದ್ಧಲಿಂಗಯ್ಯನವರ "ಊರು ಕೇರಿ" (1996) ಓದಿದಾಗ ನನಗೆ ಅವನು ನೆನಪಾದ. ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರು, ಅವರಲ್ಲೊಬ್ಬರು ತನ್ನ ತಂದೆ ಎಂದು ಬಾಲಕನೊಬ್ಬ ಕಾಣುವ ಆ ದೃಶ್ಯವನ್ನು ಓದಿದವರು ಮರೆಯಲಾರರು. ಅಲ್ಲಿ ನೌಕರಿ ಎಂದರೆ ಪುರುಷಲಕ್ಷಣವಲ್ಲ. ಕೊರಳಿನಿಂದ ನೊಗ ಇಳಿಯುವುದು. ಸಂಬಳ ಕಾಣದೆ ಇಪ್ಪತ್ತೆಂಟು ಮುಟ್ಟುವುದಕ್ಕೆ ಯಾರೋ ಅಷ್ಟು ವರ್ಷ ಅನ್ನ ಹಾಕಿರಬೇಕು. ಆ ಯಾರೋ ಇಲ್ಲದವನಿಗೆ ಈ ದುಃಖಕ್ಕೂ ಅರ್ಹತೆ ಇಲ್ಲ. ಹಾಗೆಂದು ದುಃಖ ಸುಳ್ಳಾಗುತ್ತದೆಯೇ? ಆ ದಿನಗಳಲ್ಲಿ ಆಗುತ್ತಿರಲಿಲ್ಲ. ಅದರ ಜತೆಗೆ ನಾಚಿಕೆಯೂ ಸೇರುತ್ತಿತ್ತು, ಅಷ್ಟೆ.

ಈಚೆಗಿನ ಕನ್ನಡದಲ್ಲಿ ನನ್ನ ಕೋಸಂಬರಿ ಸಿಕ್ಕಿದ್ದು ಅಚ್ಚರಿಯ ಜಾಗದಲ್ಲಿ, ವಿವೇಕ ಶಾನಭಾಗರ "ಘಾಚರ್ ಘೋಚರ್"ನಲ್ಲಿ (2013). ಇಂಗ್ಲಿಷಿಗೆ ಹೋಗಿ ಹೊರದೇಶಗಳಲ್ಲೂ ಹೆಸರು ಮಾಡಿದ ಈ ಕಿರುಕಾದಂಬರಿಯನ್ನು ಹೆಚ್ಚಿನವರು ಹೊಸ ಹಣ ಒಂದು ಕುಟುಂಬವನ್ನು ಹೇಗೆ ಕೆಡಿಸುತ್ತದೆ ಎಂಬುದರ ಕತೆಯಾಗಿ ಓದಿದ್ದಾರೆ. ತಪ್ಪಲ್ಲ. ಆದರೆ ಕತೆ ಹೇಳುವವನು ಯಾರೆಂದು ನೋಡಿ. ಅವನು ಚಿಕ್ಕಪ್ಪನ ಸೋನಾ ಮಸಾಲಾ ಕಂಪನಿಯ ಡೈರೆಕ್ಟರು. ಕೆಲಸ ಏನೂ ಇಲ್ಲ. ಹಣ ಬಂದು ಖಾತೆಯಲ್ಲಿ ಬೀಳುತ್ತದೆ. ಅವನು ಕಾಫಿಹೌಸಿನಲ್ಲಿ ಕೂತು, ವಿನ್ಸೆಂಟ್ ಎಂಬ ವೇಟರಿನ ಮಾತಿನಲ್ಲಿ ವೇದಾಂತ ಹುಡುಕುತ್ತಾನೆ. ಸಿದ್ಧಾರ್ಥನಿಗೆ ಕೆಲಸ ಬೇಕು, ಸಂಬಳವಿಲ್ಲ. ಇವನಿಗೆ ಸಂಬಳವಿದೆ, ಕೆಲಸ ಬೇಕಾಗಿಲ್ಲ. ಮದುವೆಮನೆಯ ಹಿರಿಯರು ಇವನನ್ನು ಕೇಳುವುದಿಲ್ಲ, ಕೇಳಿದರೂ ಇವನ ಹತ್ತಿರ ಪದವಿಯ ಹೆಸರೊಂದಿದೆ. ಹಾಗಾಗಿ ಪ್ರಶ್ನೆ ಅವನನ್ನು ಮುಟ್ಟಲು ಮದುವೆಯಾಗಿ ಬಂದ ಹೆಂಡತಿಯ ರೂಪದಲ್ಲೇ ಬರಬೇಕಾಯಿತು. ಹೈದರಾಬಾದಿನ ಮೇಷ್ಟರ ಮನೆಯ ಮಗಳು ಅನಿತಾ. ಗಂಡ ದಿನವೂ ಹೊರಗೆ ಹೋಗುವುದು ಕೆಲಸಕ್ಕಲ್ಲ ಎಂದು ತಿಳಿದಾಗ ಅವಳಿಗೆ ಮೋಸಹೋದೆ ಅನ್ನಿಸುತ್ತದೆ. ಹಣವಿಲ್ಲವೆಂದಲ್ಲ, ಅದು ಅವನದಲ್ಲವೆಂದು. ಅವಳು ಕೋಸಂಬರಿಯ ಕಡೆ ತಿರುಗುವವಳಲ್ಲ. ಆ ಮನೆಯಲ್ಲಿ ಎಲ್ಲರ ಎದುರು ಎಲ್ಲವನ್ನೂ ಕೇಳಿಬಿಡುವವಳು. ಅವಳಿಗೆ ಏನಾಯಿತು ಎಂಬ ಪ್ರಶ್ನೆಯಲ್ಲಿ ಪುಸ್ತಕ ಮುಗಿಯುವುದು ಇದರಿಂದ ಬೇರೆಯಾದ ವಿಷಯವಲ್ಲ ಎಂದು ನನ್ನ ಓದು. ಕೇಳಬಾರದ್ದನ್ನು ಕೇಳಿದವಳು ಆ ಮನೆಗೆ ಹೊರಗಿನವಳೇ.

ಈ ಪುಸ್ತಕದ ಬಗ್ಗೆ ನನಗೆ ಒಂದು ಆಕ್ಷೇಪವೂ ಇದೆ. ನಿರೂಪಕ ತನ್ನನ್ನು ಇಷ್ಟು ಸ್ಪಷ್ಟವಾಗಿ, ಇಷ್ಟು ಸಮಾಧಾನದಿಂದ ಕಾಣಬಲ್ಲವನಾದರೆ ಆ ಕಾಣ್ಕೆ ಅವನನ್ನು ಎಲ್ಲೂ ಯಾಕೆ ಕುಟುಕುವುದಿಲ್ಲ? ಕೆಲಸವಿಲ್ಲದವನ ಮಾತಿನಲ್ಲಿ ಒಂದು ತೊದಲು ಇರುತ್ತದೆ, ಅತಿಯಾದ ಸಮರ್ಥನೆ ಇರುತ್ತದೆ, ಕಾರಣವಿಲ್ಲದ ಜಗಳ ಇರುತ್ತದೆ. ಇವನ ಭಾಷೆ ಹೆಚ್ಚು ನುಣುಪು. ಹಣ ಆ ತೊದಲನ್ನೂ ಉಜ್ಜಿ ನುಣುಪು ಮಾಡಿದೆ ಎಂದು ಲೇಖಕರ ಪರವಾಗಿ ವಾದಿಸಬಹುದು; ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಹಳೆಯ ಮನೆಯ ಭಾಗ ಬಂದಾಗ ನನ್ನ ಆಕ್ಷೇಪ ಕರಗುತ್ತದೆ. ಸೇಲ್ಸ್‌ಮನ್ ಅಪ್ಪನ ಸಂಬಳದಲ್ಲಿ ಐದು ಜನ ಬದುಕುತ್ತಿದ್ದ ಕಾಲ ಅದು. ಗ್ಯಾಸ್ ಒಲೆ ತರುವುದೆಂದರೆ ಎಲ್ಲರೂ ಸೇರಿ ಯೋಚಿಸಬೇಕು. ಯಾರ ಖರ್ಚು ಏನು ಎಂದು ಎಲ್ಲರಿಗೂ ಗೊತ್ತು. ಒಂದೇ ಗಳಿಕೆಯ ಮೇಲೆ ನಿಂತ ಮನೆಯ ಉಸಿರುಗಟ್ಟುವ ಆಪ್ತತೆಯನ್ನು ಕನ್ನಡದಲ್ಲಿ ಇಷ್ಟು ಸರಿಯಾಗಿ ಬರೆದದ್ದು ಕಡಿಮೆ.

ಯೋಗರಾಜ ಭಟ್ಟರ ಸಿನಿಮಾಗಳನ್ನು ಇಲ್ಲಿ ಮರೆಯುವಂತಿಲ್ಲ, ಆದರೆ ಬೇಗ ಮುಗಿಸುತ್ತೇನೆ. "ಮುಂಗಾರು ಮಳೆ"ಯ (2006) ಪ್ರೀತಮ್ ಸಿರಿವಂತರ ಮನೆಯ ಮಗ, ಮಾತೇ ಅವನ ಉದ್ಯೋಗ. ಆಮೇಲೆ ಹತ್ತು ವರ್ಷ ನಮ್ಮ ತೆರೆಯ ಮೇಲೆ ಕೆಲಸವಿಲ್ಲದ ಹುಡುಗನೇ ತತ್ತ್ವಜ್ಞಾನಿಯಾದ. ನೋಡಲು ಮಜವಾಗಿದ್ದವು. ಆ ಹುಡುಗರಲ್ಲಿ ಒಬ್ಬನಾದರೂ ಕ್ಷೌರಕ್ಕೆ ದುಡ್ಡು ಕೇಳುವ ದೃಶ್ಯ ನನಗೆ ನೆನಪಿಲ್ಲ.

ಈಗ ಮಗಳ ವಿಷಯ. "ಮನೇಲೇ ಇದಾಳೆ" ಎಂಬುದು ತಪ್ಪಲ್ಲದ ವಾಕ್ಯ ಎಂದೆನಲ್ಲ. ಎಂ.ಕೆ. ಇಂದಿರಾ ಅವರ "ಫಣಿಯಮ್ಮ" (1976) ಬಾಲವಿಧವೆಯ ಕತೆಯೆಂದೇ ಪ್ರಸಿದ್ಧ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಅದು ದುಡಿಮೆಯ ಕತೆಯೂ ಹೌದು ಎಂದು ನನಗೆ ತೋರಿದ್ದು ತಡವಾಗಿ. ಅವಳು ಬೆಳಗಿನ ಜಾವ ಎದ್ದಲ್ಲಿಂದ ಕೆಲಸವೇ. ಅಡಿಗೆ, ಬಾಣಂತನ, ಕಂಡವರ ಮಕ್ಕಳ ಆರೈಕೆ, ಕರೆದಲ್ಲಿಗೆ ಹೋಗಿ ಹೆರಿಗೆ ಮಾಡಿಸುವುದು. ನೂರಾಹನ್ನೆರಡು ವರ್ಷ ಬದುಕಿದಳು. ಇಪ್ಪತ್ತೆಂಟಕ್ಕೆ ಸಂಬಳ ಕಾಣದ ನಾನು ಲೋಕಕ್ಕೆ ಸಮಸ್ಯೆ. ನೂರಾಹನ್ನೆರಡಕ್ಕೂ ಕಾಣದ ಅವಳು ಪುಣ್ಯವಂತೆ. ಕೇಂದ್ರ ಸರ್ಕಾರ 2017ರಿಂದ ನಡೆಸುತ್ತಿರುವ ಕಾರ್ಮಿಕ ಸಮೀಕ್ಷೆಯ ಲೆಕ್ಕದಲ್ಲೂ ಬರೀ ಮನೆಗೆಲಸ ಮಾಡುವವಳು ನಿರುದ್ಯೋಗಿಯಲ್ಲ, ಅವಳು ದುಡಿಯುವವರ ಸಾಲಿನಿಂದಲೇ ಹೊರಗೆ.

ನಾನು ಆ ಆರು ವರ್ಷ ಏನೂ ಮಾಡಲಿಲ್ಲ ಎಂದೆ. ಅಡಿಕೆ ಒಣಗಿಸಿದೆ, ಮಳೆ ಬಂದಾಗ ರಾತ್ರಿ ಎದ್ದು ತುಂಬಿ ಒಳಗಿಟ್ಟೆ, ರೇಷನ್ ಅಂಗಡಿಯಲ್ಲಿ ನಿಂತೆ, ಅಪ್ಪನನ್ನು ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಆಸ್ಪತ್ರೆಯ ನೆಲದ ಮೇಲೆ ಮಲಗಿದೆ, ಊರವರ ಅರ್ಜಿ ಬರೆದುಕೊಟ್ಟೆ. "ಈಗೇನು ಮಾಡ್ಕೊಂಡಿದೀಯ?" ಎಂದಾಗ ಇವ್ಯಾವುದನ್ನೂ ಹೇಳಲು ನನಗೇ ಹೊಳೆಯುತ್ತಿರಲಿಲ್ಲ. ಅಮ್ಮನನ್ನಂತೂ ಆ ಪ್ರಶ್ನೆ ಯಾರೂ ಕೇಳಲಿಲ್ಲ. ರಾಯ್ ಅವರ "ಮಹಾನಗರ"ದ (1963) ಆರತಿ ಮನೆಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುತ್ತಾಳೆ. ಮೊದಲ ಸಂಬಳ ಕೈಗೆ ಬಂದಾಗ ಒಬ್ಬಳೇ ಕನ್ನಡಿಯ ಮುಂದೆ ನಿಂತು ನೋಟುಗಳನ್ನು ನೋಡುತ್ತಾಳೆ. ಅಮ್ಮ ಆ ಚಿತ್ರ ನೋಡಿದ್ದರೆ ಏನನ್ನುತ್ತಿದ್ದಳೋ. ಅವಳಿಗೆ ತೋರಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಈಚೆಗೆ ಧಾರವಾಡದಲ್ಲಿ ಒಂದು ವಾರ ಇರಬೇಕಾಗಿ ಬಂತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಂದ ಆ ಊರಿನ ಅರ್ಧ ತುಂಬಿದಂತಿದೆ. ಕೋಣೆಗೆ ಮೂವರು ನಾಲ್ವರು, ಓದಲಿಕ್ಕೆ ಬಾಡಿಗೆಯ ಕುರ್ಚಿ, ಬುತ್ತಿ ಊರಿನಿಂದ ಬಸ್ಸಿನಲ್ಲಿ. ಅವರಿಗೆ ವಯಸ್ಸೆಂದರೆ ಹುಟ್ಟಿದ ದಿನದಿಂದ ಎಣಿಸುವಂಥದಲ್ಲ, ಕೊನೆಯಿಂದ ಹಿಂದಕ್ಕೆ ಎಣಿಸುವಂಥದು. ಬಹುಕಾಲ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40 ಎಂದಿದ್ದ ಮಿತಿಯಿಂದ ಇನ್ನೆಷ್ಟು ಉಳಿಯಿತು ಎಂಬ ಲೆಕ್ಕ. 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ ಪರೀಕ್ಷೆ ನಡೆಯಿತು, ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಇಪ್ಪತ್ತಾರಕ್ಕೆ ಬರೆದವನು ಇಪ್ಪತ್ತೆಂಟು ದಾಟಿ ಮತ್ತೆ ಬರೆದ. ಅದೇ ಜನವರಿಯಲ್ಲಿ ಶಿವಮೊಗ್ಗದಲ್ಲಿ ಶುರುವಾದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುವ ಯೋಜನೆ. ಅದು ಲೆಕ್ಕಕ್ಕೆ ಹಿಡಿದದ್ದು 2022-23ರಲ್ಲಿ ಪಾಸಾದವರಿಂದ ಈಚೆಗೆ. ಅವರಿಗಿಂತ ಮುಂಚೆ ಪಾಸಾಗಿ ಕೂತವರು ಯುವಕರೂ ಅಲ್ಲ, ನಿಧಿಯೂ ಇಲ್ಲ. ಈ ಕೋಣೆಗಳಿಂದ ಒಂದು ಒಳ್ಳೆಯ ಕನ್ನಡ ಕಾದಂಬರಿಯನ್ನು ನಾನು ಕಾಯುತ್ತಿದ್ದೇನೆ. ಅದರಲ್ಲಿ ಪರೀಕ್ಷೆ, ಅಕ್ರಮ, ಹೋರಾಟ ಇದ್ದೇ ಇರುತ್ತವೆ. ಹಬ್ಬಕ್ಕೆ ಊರಿಗೆ ಹೋಗಲು ಮನಸ್ಸಿಲ್ಲದೆ ಖಾಲಿ ಕೋಣೆಯಲ್ಲಿ ಉಳಿದವನ ಒಂದು ಅಧ್ಯಾಯವೂ ಇರಲಿ.

ನನಗೆ ಕೊನೆಗೆ ಸಿಕ್ಕಿದ್ದು ಪ್ರೆಸ್ಸೊಂದರಲ್ಲಿ ಕರಡು ತಿದ್ದುವ ಕೆಲಸ, 1995ರಲ್ಲಿ. ಅಪ್ಪ ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು, ದಿನವೂ ರಾತ್ರಿ ಲೆಕ್ಕ ಬರೆಯುತ್ತಿದ್ದರು. ಅವರು ಹೋದ ಮೇಲೆ, 2009ರಲ್ಲಿ, ಟ್ರಂಕಿನಿಂದ ಆ ಪುಸ್ತಕಗಳನ್ನು ತೆಗೆದು ಆ ಆರು ವರ್ಷಗಳನ್ನು ಹುಡುಕಿದೆ. ನನ್ನ ಮೇಲೆ ಎಷ್ಟು ಖರ್ಚಾಗಿತ್ತು ಎಂದು ತಿಳಿಯುವ ಹುಚ್ಚು. ತಿಳಿಯಲಿಲ್ಲ. ಅರ್ಜಿಯ ಡಿ.ಡಿ., ಬಸ್ಸಿನ ಚಾರ್ಜು, ಸಂದರ್ಶನಕ್ಕೆ ಹೊಲಿಸಿದ ಅಂಗಿ, ಕ್ಷೌರ, ಎಲ್ಲವೂ "ಮನೆ ಖರ್ಚು" ಎಂಬ ಒಂದೇ ತಲೆಬರಹದ ಕೆಳಗಿದ್ದವು. ಅಕ್ಕಿ ಬೇಳೆಗಳ ನಡುವೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಇದ್ದದ್ದು ಒಂದು ಕಡೆ, 1995ರ ನವೆಂಬರಿನಲ್ಲಿ, ಎಡಗಡೆಯ ಜಮಾ ಪುಟದಲ್ಲಿ: ಹೆಸರು ಬರೆದು, ಮುಂದೆ 300 ಎಂದು. ಬಲಗಡೆ ಅದೇ ದಿನದ ಸೀಮೆಎಣ್ಣೆ, ಎರಡು ಲೀಟರು.